ಗ್ರ್ಯಾಫೀನ್ ಏರೋಜೆಲ್ ತಯಾರಿಸುವ ವಿಧಾನ: ಜೆಲ್‌ಗಿಂತ ಮಂಜುಗಡ್ಡೆಯ ಕೆಲಸವೇ ಹೆಚ್ಚು

ಒಂದು ಘನ ಸೆಂಟಿಮೀಟರ್ ನೀರು 1000 ಮಿಲಿಗ್ರಾಂ ತೂಗುತ್ತದೆ, ಅಷ್ಟೇ ಗಾತ್ರದ ಗಾಳಿ ಸುಮಾರು 1.2 ಮಿಲಿಗ್ರಾಂ ತೂಗುತ್ತದೆ. ಗ್ರ್ಯಾಫೀನ್ ಎಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ, ಏರೋಜೆಲ್ ಎಂದರೆ ಜೆಲ್‌ನೊಳಗಿನ ದ್ರವವನ್ನು ತೆಗೆದು ಅದರ ಜಾಗದಲ್ಲಿ ಗಾಳಿ ಉಳಿಸಿದ ಘನ ಚೌಕಟ್ಟು. ಈ ಲೇಖನದಲ್ಲಿ ವಿವರಿಸಿರುವ ಕ್ರಮದಲ್ಲಿ ತಯಾರಾಗುವ ಗ್ರ್ಯಾಫೀನ್ ಏರೋಜೆಲ್‌ನ ಅದೇ ಗಾತ್ರದ ತುಂಡಿನ ತೂಕ 5 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಹೀಗಿದ್ದೂ ಅದನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಮತ್ತೆ ಮೊದಲಿನ ಎತ್ತರಕ್ಕೆ ಏಳುತ್ತದೆ, ವಿದ್ಯುತ್ತನ್ನು ಹರಿಸುತ್ತದೆ, ಎಣ್ಣೆಯನ್ನು ಹೀರಿಕೊಳ್ಳುತ್ತದೆ. ರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಸಾಮಾನ್ಯ ಪ್ರಯೋಗಾಲಯದಲ್ಲಿ, ಅಧಿಕ ಒತ್ತಡದ ಪಾತ್ರೆಗಳ ಹಂಗಿಲ್ಲದೆ ಇದನ್ನು ತಯಾರಿಸಬಹುದು. ಹೆಪ್ಪುಗಟ್ಟಿದ ವಸ್ತುವನ್ನು ನಿರ್ವಾತದಲ್ಲಿ ಒಣಗಿಸುವ ಫ್ರೀಜ್ ಡ್ರೈಯರ್ ಒಂದೇ ಇಲ್ಲಿ ಬೇಕಾಗುವ ದುಬಾರಿ ಉಪಕರಣ.

ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಸಾಮಾನ್ಯವಾಗಿ ರಾಸಾಯನಿಕ ಕ್ರಿಯೆಯ ಕಡೆಗೇ ಗಮನವನ್ನೆಲ್ಲ ಕೊಡುತ್ತಾರೆ. ಜೆಲ್ ಕಟ್ಟುವುದು ಕಷ್ಟದ ಹಂತವಲ್ಲ. ಜೆಲ್‌ನ ಒಳಗೆ ಶೇಕಡ 99ಕ್ಕಿಂತ ಹೆಚ್ಚಿರುವ ನೀರನ್ನು, ಅದರ ಸುತ್ತ ನಿಂತಿರುವ ತೆಳು ಗೋಡೆಗಳು ಕುಸಿಯದಂತೆ ಹೊರಗೆ ತೆಗೆಯುವುದೇ ಕಷ್ಟ. ನೀರು ಹೆಪ್ಪುಗಟ್ಟುವಾಗ ಮಂಜುಗಡ್ಡೆಯ ಹರಳುಗಳು ಯಾವ ಆಕಾರ ಪಡೆಯುತ್ತವೆಯೋ ಕೊನೆಗೆ ಉಳಿಯುವ ರಂಧ್ರಗಳೂ ಅದೇ ಆಕಾರ ಪಡೆಯುತ್ತವೆ. ಆದ್ದರಿಂದ ಮುಂದಿನ ವಿವರಣೆಯಲ್ಲಿ ಹೆಪ್ಪುಗಟ್ಟಿಸುವ ಮತ್ತು ಒಣಗಿಸುವ ಹಂತಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಜೆಲ್ ಅನ್ನು ಹಾಗೆಯೇ ಬಿಸಿಲಿಗೋ ಓವನ್‌ಗೋ ಇಟ್ಟು ಒಣಗಿಸಿದರೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ರಂಧ್ರದೊಳಗಿನ ನೀರು ಆವಿಯಾಗುತ್ತ ಹಿಂದೆ ಸರಿಯುವಾಗ, ನೀರಿನ ಮೇಲ್ಮೈ ಎಳೆತ ರಂಧ್ರದ ಗೋಡೆಗಳನ್ನು ಒಳಕ್ಕೆ ಸೆಳೆಯುತ್ತದೆ. ಈ ಸೆಳೆತದ ಒತ್ತಡವು ಮೇಲ್ಮೈ ಎಳೆತದ ಎರಡರಷ್ಟನ್ನು ರಂಧ್ರದ ತ್ರಿಜ್ಯದಿಂದ ಭಾಗಿಸಿದಷ್ಟಿರುತ್ತದೆ. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್ ಆದ್ದರಿಂದ, 10 ನ್ಯಾನೊಮೀಟರ್ ತ್ರಿಜ್ಯದ ರಂಧ್ರದಲ್ಲಿ ಅದು ವಾತಾವರಣದ ಒತ್ತಡದ ಸುಮಾರು 140 ಪಟ್ಟಾಗುತ್ತದೆ. ಒಂದು ಮೈಕ್ರೊಮೀಟರ್‌ನ ರಂಧ್ರದಲ್ಲಿ ಅದು ವಾತಾವರಣದ ಒತ್ತಡದ ಒಂದೂವರೆ ಪಟ್ಟಿಗೆ ಇಳಿಯುತ್ತದಾದರೂ, ಇಷ್ಟು ಹಗುರವಾದ ಚೌಕಟ್ಟನ್ನು ಹಿಂಡಿ ಹಾಕಲು ಅದೂ ಸಾಕು. ಓವನ್‌ನಿಂದ ಹೊರಬರುವುದು ಏರೋಜೆಲ್ ಅಲ್ಲ, ಉಗುರಿನ ಗಾತ್ರಕ್ಕೆ ಕುಗ್ಗಿದ ಗಟ್ಟಿ ಕಪ್ಪು ಗುಳಿಗೆ.

ಅಮೆರಿಕದ ಸ್ಯಾಮ್ಯುಯೆಲ್ ಕಿಸ್ಟ್ಲರ್ 1931ರಲ್ಲಿ ಈ ತೊಡಕನ್ನು ಮೊದಲ ಬಾರಿಗೆ ಬಿಡಿಸಿದರು. ಜೆಲ್‌ನ ದ್ರವವನ್ನು ಅದರ ಕ್ರಿಟಿಕಲ್ ಬಿಂದು ಎನ್ನುವ ನಿರ್ದಿಷ್ಟ ಉಷ್ಣತೆ ಮತ್ತು ಒತ್ತಡದ ಆಚೆಗೆ ಒಯ್ದರೆ ದ್ರವ ಮತ್ತು ಅನಿಲಗಳ ನಡುವಿನ ಗಡಿಯೇ ಇಲ್ಲವಾಗುತ್ತದೆ, ಗಡಿಯಿಲ್ಲದ ಮೇಲೆ ಮೇಲ್ಮೈ ಎಳೆತವೂ ಇಲ್ಲ. ಅವರು ಸಿಲಿಕಾ, ಅಲ್ಯೂಮಿನಾಗಳಿಂದ ಮಾತ್ರವಲ್ಲದೆ ಜೆಲಟಿನ್ ಮತ್ತು ಅಗರ್‌ನಿಂದಲೂ ಏರೋಜೆಲ್ ಮಾಡಿದ್ದರು. ಇಂದು ಈ ಮಾರ್ಗದಲ್ಲಿ ಹೆಚ್ಚಾಗಿ ಇಂಗಾಲದ ಡೈಆಕ್ಸೈಡನ್ನು ಬಳಸುತ್ತಾರೆ, ಏಕೆಂದರೆ ಅದರ ಕ್ರಿಟಿಕಲ್ ಬಿಂದು 31 ಡಿಗ್ರಿ ಸೆಲ್ಸಿಯಸ್ ಮತ್ತು 74 ಬಾರ್‌ನಲ್ಲಿದೆ. ನ್ಯಾನೊಮೀಟರ್ ಪ್ರಮಾಣದ ಸೂಕ್ಷ್ಮ ರಂಧ್ರಗಳು ಬೇಕಾದವರಿಗೆ ಈ ಮಾರ್ಗವನ್ನು ಬಿಟ್ಟರೆ ಒಳ್ಳೆಯ ದಾರಿಯಿಲ್ಲ. ಹತ್ತಾರು ಮೈಕ್ರೊಮೀಟರ್ ಅಗಲದ ರಂಧ್ರಗಳುಳ್ಳ, ಒತ್ತಿದರೆ ಮತ್ತೆ ಏಳುವ ಹಗುರ ವಸ್ತು ಬೇಕಾದವರಿಗೆ ನೀರನ್ನು ಹೆಪ್ಪುಗಟ್ಟಿಸಿ, ಮಂಜುಗಡ್ಡೆಯಿಂದಲೇ ನೇರವಾಗಿ ಆವಿಯಾಗಿಸುವ ವಿಧಾನ ಸಾಕು.

ಇಲ್ಲಿ ಅನುಸರಿಸಿರುವ ಕ್ರಮದ ಮೂಲ ತತ್ತ್ವ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಡಾನ್ ಲಿ ಅವರ ತಂಡ 2012ರಲ್ಲಿ ಪ್ರಕಟಿಸಿದ ಕೆಲಸದ್ದು. ಗ್ರ್ಯಾಫೀನ್ ಆಕ್ಸೈಡನ್ನು, ಅಂದರೆ ಆಮ್ಲಜನಕ ಸೇರಿಕೊಂಡ ಗ್ರ್ಯಾಫೀನ್ ಹಾಳೆಗಳನ್ನು, ಪೂರ್ತಿಯಾಗಿ ಅಪಕರ್ಷಿಸಿದ (ಆ ಆಮ್ಲಜನಕವನ್ನು ತೆಗೆದ) ಮೇಲೆ ಹೆಪ್ಪುಗಟ್ಟಿಸುವ ಬದಲು ಅರ್ಧಕ್ಕೆ ನಿಲ್ಲಿಸಿ ಹೆಪ್ಪುಗಟ್ಟಿಸಿ, ಕರಗಿಸಿ, ಆಮೇಲೆ ಉಳಿದ ಅಪಕರ್ಷಣವನ್ನು ಮುಗಿಸಬೇಕು ಎಂಬುದೇ ಆ ತತ್ತ್ವ. ಹೀಗೆ ಮಾಡಿದ ವಸ್ತು ಶೇಕಡ 80ರಷ್ಟು ಒತ್ತಿದರೂ ಮತ್ತೆ ಮೊದಲ ರೂಪಕ್ಕೆ ಬರುತ್ತದೆಂದು ಅವರು ತೋರಿಸಿದರು. ಮರು ವರ್ಷ ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ಗಾವೊ ಚಾವೊ ಅವರ ತಂಡ ಗ್ರ್ಯಾಫೀನ್ ಮತ್ತು ಕಾರ್ಬನ್ ನ್ಯಾನೊಟ್ಯೂಬುಗಳನ್ನು (ಇಂಗಾಲದ ಅತಿ ಸೂಕ್ಷ್ಮ ಕೊಳವೆಗಳನ್ನು) ಕೂಡಿಸಿ, ಘನ ಸೆಂಟಿಮೀಟರಿಗೆ 0.16 ಮಿಲಿಗ್ರಾಂ ಸಾಂದ್ರತೆಯ ಏರೋಜೆಲ್ ಮಾಡಿ ಸುದ್ದಿಯಾಯಿತು. ದಾಖಲೆಯ ಬೆನ್ನು ಹತ್ತುವ ಉದ್ದೇಶವಿಲ್ಲದವರಿಗೆ 5 ಮಿಲಿಗ್ರಾಂ ಆಸುಪಾಸಿನ ಸಾಂದ್ರತೆಯೇ ಲೇಸು. ಅದಕ್ಕಿಂತ ಹಗುರವಾದದ್ದನ್ನು ಅಳೆಯುವುದಿರಲಿ, ಮುರಿಯದಂತೆ ಅಚ್ಚಿನಿಂದ ತೆಗೆಯುವುದೂ ಕಷ್ಟವಾಗುತ್ತದೆ.

ಸಾಮಗ್ರಿ

ಮುಖ್ಯ ಸಾಮಗ್ರಿ ಗ್ರ್ಯಾಫೀನ್ ಆಕ್ಸೈಡ್. ಇದನ್ನು ಗ್ರ್ಯಾಫೈಟಿನಿಂದ ಸ್ವತಃ ತಯಾರಿಸುವ ಹಮ್ಮರ್ಸ್ ವಿಧಾನ ಎಲ್ಲ ಕಡೆ ಸಿಗುತ್ತದೆಯಾದರೂ, ಅನುಭವಿಗಳ ಮೇಲ್ವಿಚಾರಣೆಯಿಲ್ಲದೆ ಅದಕ್ಕೆ ಕೈ ಹಾಕಬಾರದು. ಸಾಂದ್ರ ಸಲ್ಫ್ಯೂರಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಪರ್ಮಾಂಗನೇಟ್ ಸೇರಿದಾಗ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಉಂಟಾಗುತ್ತದೆ, ಅದು ಸುಮಾರು 55 ಡಿಗ್ರಿಯ ಮೇಲೆ ಸ್ಫೋಟಿಸಬಲ್ಲದು. ಸಿದ್ಧವಾಗಿ ಕೊಳ್ಳುವುದಾದರೆ ಒಣ ಪುಡಿಗಿಂತ ನೀರಿನಲ್ಲಿ ಹರಡಿರುವ ದ್ರಾವಣ ಅಥವಾ ಒದ್ದೆ ಪೇಸ್ಟ್ ರೂಪದ್ದನ್ನೇ ಆರಿಸಿಕೊಳ್ಳಬೇಕು. ಒಮ್ಮೆ ಪೂರ್ತಿ ಒಣಗಿದ ಹಾಳೆಗಳು ಒಂದರ ಮೇಲೊಂದು ಕೂತುಬಿಟ್ಟರೆ ಮತ್ತೆ ಬಿಡಿಬಿಡಿಯಾಗುವುದು ಕಷ್ಟ. ಹಾಳೆಗಳ ಅಗಲವೂ ಮುಖ್ಯ. ಹತ್ತಾರು ಮೈಕ್ರೊಮೀಟರ್ ಅಗಲದ ಹಾಳೆಗಳು ಹೆಚ್ಚು ಜಾಗದಲ್ಲಿ ಒಂದಕ್ಕೊಂದು ತಾಗಿ ಗಟ್ಟಿ ಗೋಡೆ ಕಟ್ಟುತ್ತವೆ, ಒಂದು ಮೈಕ್ರೊಮೀಟರ್‌ಗಿಂತ ಚಿಕ್ಕವು ಪುಡಿಪುಡಿಯಾಗುವ ಏರೋಜೆಲ್ ಕೊಡುತ್ತವೆ. ಈ ಕಾರಣದಿಂದಲೇ ದ್ರಾವಣದೊಳಗೆ ಕಡ್ಡಿಯಿಳಿಸಿ ಶ್ರವಣಾತೀತ ಧ್ವನಿಯಿಂದ ಅಲುಗಿಸುವ ಪ್ರೋಬ್ ಸೋನಿಕೇಟರ್ ಬಳಸಿ ಹಾಳೆಗಳನ್ನು ಒಡೆಯಬಾರದು. ತೊಟ್ಟಿ ಮಾದರಿಯ ಸೋನಿಕೇಟರ್‌ನಲ್ಲಿ, ತೊಟ್ಟಿಯ ನೀರಿಗೆ ಐಸ್ ತುಂಡು ಹಾಕಿ, ಹತ್ತರಿಂದ ಹದಿನೈದು ನಿಮಿಷ ಇಟ್ಟರೆ ಸಾಕು.

ಕೊಂಡ ದ್ರಾವಣದಲ್ಲಿ ಆಮ್ಲದ ಉಳಿಕೆ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಸ್ವಲ್ಪ ದ್ರಾವಣವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿಗೆ ಬೇರಿಯಂ ಕ್ಲೋರೈಡ್ ದ್ರಾವಣದ ಒಂದು ಹನಿ ಬಿಟ್ಟಾಗ ಬಿಳಿ ಮೋಡದಂತೆ ಕದಡಿದರೆ ಸಲ್ಫೇಟ್ ಇನ್ನೂ ಉಳಿದಿದೆಯೆಂದರ್ಥ. ತಿಳಿ ಹಾಗೆಯೇ ಉಳಿಯುವವರೆಗೆ ನೀರಿನಲ್ಲಿ ತೊಳೆಯಬೇಕು. ಲವಣಗಳು ಉಳಿದರೆ ಹಾಳೆಗಳು ಬಿಸಿಯಾಗುವ ಮೊದಲೇ ಗಂಟುಗಟ್ಟುತ್ತವೆ.

ಇದರ ಜೊತೆಗೆ ಎಲ್-ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಪ್ರಯೋಗಾಲಯ ದರ್ಜೆಯದು ಬೇಕು. ಔಷಧದ ಅಂಗಡಿಯ ಚೀಪುವ ಮಾತ್ರೆಗಳಲ್ಲಿ ಸಕ್ಕರೆ, ಬಣ್ಣ, ಪಿಷ್ಟ ಸೇರಿರುವುದರಿಂದ ಅವು ಆಗುವುದಿಲ್ಲ. ಅಪಕರ್ಷಣಕ್ಕೆ ಹೈಡ್ರಜೀನ್ ಬಳಸುವ ಹಳೆಯ ಪಾಕಗಳೂ ಇವೆ, ಆದರೆ ಅದು ತೀವ್ರ ವಿಷ. ಮೇಲಾಗಿ ಅದು ಜೆಲ್‌ನೊಳಗೆ ಅನಿಲದ ಗುಳ್ಳೆಗಳನ್ನು ಎಬ್ಬಿಸುತ್ತದೆ. ವಿಟಮಿನ್ ಸಿ ಗುಳ್ಳೆ ಎಬ್ಬಿಸದೆ, ಕದಡದೆ, ನಿಧಾನವಾಗಿ ಕೆಲಸ ಮಾಡುತ್ತದೆ.

ಅರ್ಧ ಅಪಕರ್ಷಣ

ಪ್ರತಿ ಮಿಲಿಲೀಟರಿಗೆ 5 ಮಿಲಿಗ್ರಾಂ ಗ್ರ್ಯಾಫೀನ್ ಆಕ್ಸೈಡ್ ಇರುವಂತೆ 20 ಮಿಲಿಲೀಟರ್ ದ್ರಾವಣವನ್ನು ಡೀಯಾನೈಸ್ಡ್ (ಲವಣಗಳನ್ನು ತೆಗೆದ) ನೀರಿನಲ್ಲಿ ಸಿದ್ಧಪಡಿಸಿಕೊಳ್ಳಿ. ಇದರಲ್ಲಿ 100 ಮಿಲಿಗ್ರಾಂ ಗ್ರ್ಯಾಫೀನ್ ಆಕ್ಸೈಡ್ ಇರುತ್ತದೆ, ಅದಕ್ಕೆ ಎರಡರಷ್ಟು, ಅಂದರೆ 200 ಮಿಲಿಗ್ರಾಂ, ವಿಟಮಿನ್ ಸಿ ಹಾಕಿ ಪೂರ್ತಿ ಕರಗುವವರೆಗೆ ಮೆಲ್ಲಗೆ ಕಲಕಬೇಕು. ಕಲಕುವಾಗ ಸೇರಿಕೊಂಡ ಗಾಳಿಯ ಗುಳ್ಳೆಗಳನ್ನು ನಿರ್ವಾತದ ಡೆಸಿಕೇಟರ್‌ನಲ್ಲಿ ಕೆಲವು ನಿಮಿಷ ಇಟ್ಟು ಹೊರಡಿಸಬೇಕು. ಈ ಹೆಜ್ಜೆಯನ್ನು ಬಿಟ್ಟರೆ ಒಣಗಿದ ಏರೋಜೆಲ್‌ನಲ್ಲಿ ಸಾಸಿವೆ ಗಾತ್ರದ ತೂತುಗಳು ಕಾಣುತ್ತವೆ ಮತ್ತು ಒತ್ತಿದಾಗ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ನಂತರ ದ್ರಾವಣವನ್ನು ಚಪ್ಪಟೆ ತಳದ, ನೇರ ಗೋಡೆಯ ನಾಲ್ಕು ವಯಲ್‌ಗಳಿಗೆ (ಸಣ್ಣ ಸೀಸೆಗಳಿಗೆ) ತಲಾ 5 ಮಿಲಿಲೀಟರ್‌ನಂತೆ ಹಂಚಿ, ಮುಚ್ಚಳ ಬಿಗಿದು, ಕುದಿಯುವ ನೀರಿನ ತೊಟ್ಟಿಯಲ್ಲಿ ಸುಮಾರು ಅರ್ಧ ಗಂಟೆ ಅಲುಗಾಡಿಸದೆ ಇಡಬೇಕು. ಹೆಪ್ಪುಗಟ್ಟಿದ ನೀರು ಶೇಕಡ 9ರಷ್ಟು ಹಿಗ್ಗುವುದರಿಂದ ವಯಲ್‌ನಲ್ಲಿ ಸಾಕಷ್ಟು ಜಾಗ ಖಾಲಿ ಇರಲೇಬೇಕು. ಗಾಜಿನದಕ್ಕಿಂತ ಪಾಲಿಪ್ರೊಪಿಲೀನ್ ವಯಲ್ ಆದರೆ ಒಡೆಯುವ ಭಯವಿಲ್ಲ.

ಕುದಿಯುವ ನೀರು ಎಂದಾಗ ಒಂದು ಎಚ್ಚರಿಕೆ ಬೇಕು. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ, ಮಂಗಳೂರಿನಲ್ಲಿ 100 ಡಿಗ್ರಿಗೆ. ಆದ್ದರಿಂದ ಗಡಿಯಾರವನ್ನು ನಂಬುವುದಕ್ಕಿಂತ ವಯಲ್ ಅನ್ನು ನೋಡಿ ನಿರ್ಧರಿಸುವುದು ಮೇಲು. ಮೊದಲು ಕಂದು ಬಣ್ಣದಲ್ಲಿದ್ದ ದ್ರಾವಣ ಕಪ್ಪಾಗುತ್ತ ಬರುತ್ತದೆ. ವಯಲ್ ಅನ್ನು ಓರೆ ಮಾಡಿದಾಗ ಅದು ಸರಿಯಾಗಿ ಹೆಪ್ಪಾಗದ ಮೊಸರಿನಂತೆ ತುಸು ಜರುಗಬೇಕು, ಹರಿಯಬಾರದು, ಗೋಡೆಯಿಂದ ಬಿಟ್ಟುಕೊಂಡು ಕುಗ್ಗಿರಲೂಬಾರದು. ಜೆಲ್‌ನ ಸುತ್ತ ತಿಳಿ ನೀರಿನ ತೆಳುವಾದ ಉಂಗುರ ಕಾಣಿಸಿಕೊಂಡರೆ ಹಂತ ಮೀರಿದೆ ಎಂದೇ ತಿಳಿಯಬೇಕು.

ಅರ್ಧಕ್ಕೆ ನಿಲ್ಲಿಸಬೇಕಾದ ಕಾರಣ ಹೀಗಿದೆ. ಅಪಕರ್ಷಣ ಸಾಲದಿದ್ದರೆ ಹಾಳೆಗಳ ನಡುವಿನ ಹಿಡಿತ ದುರ್ಬಲವಾಗಿರುತ್ತದೆ, ಮಂಜುಗಡ್ಡೆ ಕರಗಿದ ಕೂಡಲೇ ಅವು ಮತ್ತೆ ನೀರಿನಲ್ಲಿ ಹರಡಿಹೋಗುತ್ತವೆ. ಅಪಕರ್ಷಣ ಹೆಚ್ಚಾದರೆ ಹಾಳೆಗಳು ಆಗಲೇ ಅಡ್ಡಾದಿಡ್ಡಿಯಾಗಿ ಬಿಗಿದುಕೊಂಡಿರುತ್ತವೆ, ಬೆಳೆಯುವ ಮಂಜಿನ ಹರಳುಗಳು ಅವನ್ನು ಸರಿಸಿ ಸಾಲಾಗಿ ಜೋಡಿಸಲಾರವು, ಬದಲಿಗೆ ಜಾಲವನ್ನೇ ಹರಿದುಹಾಕುತ್ತವೆ. ನಡುವಿನ ಹಂತದಲ್ಲಿ ಮಾತ್ರ ಹಾಳೆಗಳು ಹರಳುಗಳ ಒತ್ತಡಕ್ಕೆ ಬಗ್ಗಿ ಜಾಗ ಬಿಡುತ್ತವೆ, ಎರಡು ಹರಳುಗಳ ನಡುವೆ ಸಿಕ್ಕಿ ಒಂದಕ್ಕೊಂದು ಒತ್ತಿಕೊಂಡು ಗೋಡೆಯಾಗುತ್ತವೆ, ಮತ್ತು ಹಾಗೆ ಒತ್ತಿಕೊಂಡದ್ದು ಕರಗಿದ ಮೇಲೂ ಬಿಡುವುದಿಲ್ಲ. ಒಟ್ಟು ಕೆಲಸದಲ್ಲಿ ಕೈಗುಣ ಎನ್ನುವುದೇನಾದರೂ ಇದ್ದರೆ ಅದು ಈ ಹಂತವನ್ನು ಗುರುತಿಸುವುದರಲ್ಲಿದೆ. ಮೊದಲ ಸಲ ಮಾಡುವವರು ನಾಲ್ಕು ವಯಲ್‌ಗಳನ್ನು ಬೇರೆ ಬೇರೆ ಹೊತ್ತಿಗೆ, ಐದೈದು ನಿಮಿಷಗಳ ಅಂತರದಲ್ಲಿ, ಹೊರತೆಗೆದರೆ ತಮ್ಮ ಸಾಮಗ್ರಿಗೆ ಸರಿಹೊಂದುವ ಸಮಯ ಒಂದೇ ಪ್ರಯೋಗದಲ್ಲಿ ಗೊತ್ತಾಗುತ್ತದೆ.

ಹೆಪ್ಪುಗಟ್ಟಿಸುವುದು

ಹೊರತೆಗೆದ ವಯಲ್‌ಗಳನ್ನು ಕೋಣೆಯ ಉಷ್ಣತೆಗೆ ತಣಿಸಿ, ಡ್ರೈ ಐಸ್ (ಘನರೂಪದ ಇಂಗಾಲದ ಡೈಆಕ್ಸೈಡ್) ಮತ್ತು ಎಥನಾಲ್ ಸೇರಿಸಿದ ತೊಟ್ಟಿಯಲ್ಲಿ ಸುಮಾರು ಅರ್ಧ ಗಂಟೆ ಇಡಬೇಕು. ಡ್ರೈ ಐಸ್‌ನ ಉಷ್ಣತೆ ಸೊನ್ನೆಗಿಂತ 78 ಡಿಗ್ರಿ ಕೆಳಗಿರುತ್ತದೆ. ಔಷಧ ಮತ್ತು ಐಸ್‌ಕ್ರೀಮ್ ಸಾಗಿಸಲು ಬಳಸುವ ಡ್ರೈ ಐಸೇ ಇದಕ್ಕೆ ಆಗುತ್ತದೆ.

ಮನೆಬಳಕೆಯ ಫ್ರಿಜ್‌ನ ಫ್ರೀಜರ್‌ನಲ್ಲಿ ಇಟ್ಟರಾಗದೇ ಎಂದು ಅನೇಕರು ಕೇಳುತ್ತಾರೆ. ಆಗುತ್ತದೆ, ಆದರೆ ಫಲ ಬೇರೆ. ನಿಧಾನವಾಗಿ ತಣಿದಾಗ ಕೆಲವೇ ಹರಳುಗಳು ಹುಟ್ಟಿ ಅವೇ ದೊಡ್ಡದಾಗಿ ಬೆಳೆಯುತ್ತವೆ, ರಂಧ್ರಗಳು ನೂರಾರು ಮೈಕ್ರೊಮೀಟರ್ ಅಗಲವಾಗಿ ಬರಿಗಣ್ಣಿಗೇ ಕಾಣುವಂತಾಗುತ್ತವೆ. ಬೇಗ ತಣಿದಾಗ ಹರಳುಗಳು ಅಸಂಖ್ಯವಾಗಿ ಹುಟ್ಟಿ ಸಣ್ಣವಾಗಿಯೇ ಉಳಿಯುತ್ತವೆ. ಇದಲ್ಲದೆ ಮನೆಯ ಫ್ರೀಜರ್‌ನ ಕಂಪ್ರೆಸರ್ ನಿಂತು ಹೊರಡುತ್ತ ಉಷ್ಣತೆ ಏರಿಳಿಯುವುದರಿಂದ, ಸಣ್ಣ ಹರಳುಗಳು ಕರಗಿ ದೊಡ್ಡವಕ್ಕೆ ಸೇರಿಕೊಳ್ಳುವ ಪ್ರಕ್ರಿಯೆ ಒಳಗೊಳಗೇ ನಡೆಯುತ್ತಿರುತ್ತದೆ. ಎರಡು ಸಲ ಮಾಡಿದ ಪ್ರಯೋಗ ಒಂದೇ ಫಲ ಕೊಡದಿರಲು ಬಹುಮಟ್ಟಿಗೆ ಇದೇ ಕಾರಣ.

ರಂಧ್ರಗಳು ಒಂದೇ ದಿಕ್ಕಿಗೆ ಕೊಳವೆಗಳಂತೆ ಸಾಲಾಗಿ ನಿಲ್ಲಬೇಕೆಂದರೆ ಚಳಿ ಒಂದೇ ದಿಕ್ಕಿನಿಂದ ಬರಬೇಕು. ತಾಮ್ರದ ತಳವೂ ಟೆಫ್ಲಾನ್ ಗೋಡೆಯೂ ಇರುವ ಅಚ್ಚನ್ನು ಮಾಡಿಸಿಕೊಂಡು, ದ್ರವ ಸಾರಜನಕದಲ್ಲಿ ಅರ್ಧ ಮುಳುಗಿಸಿದ ತಾಮ್ರದ ಗಟ್ಟಿಯ ಮೇಲೆ ಅದನ್ನು ಕೂರಿಸಿದರೆ, ತಾಮ್ರ ಉಷ್ಣವನ್ನು ಬೇಗ ಸೆಳೆಯುತ್ತದೆ, ಟೆಫ್ಲಾನ್ ತಡೆಯುತ್ತದೆ, ಹರಳುಗಳು ತಳದಿಂದ ನೇರ ಮೇಲಕ್ಕೆ ಬೆಳೆಯುತ್ತವೆ. ಮೇಲಿನಿಂದ ನೋಡಿದರೆ ಹೆಪ್ಪಿನ ಗೆರೆ ಮೇಲೇರಿ ಬಂದು ಮೇಲ್ಮೈ ಒಮ್ಮೆಗೇ ಮಂಕಾಗುವುದು ಕಾಣುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು. ಇಂಥ ಏರೋಜೆಲ್ ಕೊಳವೆಗಳ ದಿಕ್ಕಿನಲ್ಲಿ ಗಟ್ಟಿಯಾಗಿಯೂ ಅಡ್ಡ ದಿಕ್ಕಿನಲ್ಲಿ ಮೆದುವಾಗಿಯೂ ಇರುತ್ತದೆ, ಆದ್ದರಿಂದ ಯಾವ ದಿಕ್ಕಿನಲ್ಲಿ ಒತ್ತಿ ಅಳೆದದ್ದು ಎಂಬುದನ್ನು ದಾಖಲಿಸದ ಫಲಿತಾಂಶಕ್ಕೆ ಬೆಲೆಯಿಲ್ಲ.

ಹೆಪ್ಪುಗಟ್ಟಿದ ವಯಲ್‌ಗಳನ್ನು ಕೋಣೆಯ ಉಷ್ಣತೆಯಲ್ಲಿ ತಾನಾಗಿ ಕರಗಲು ಬಿಟ್ಟು, ಮುಚ್ಚಳ ಬಿಗಿದು, ಮತ್ತೆ ಕುದಿಯುವ ನೀರಿನ ತೊಟ್ಟಿಯಲ್ಲಿ ಎಂಟು ಗಂಟೆ ಇಟ್ಟು ಉಳಿದ ಅಪಕರ್ಷಣವನ್ನು ಮುಗಿಸಬೇಕು. ನಂತರ ಜೆಲ್‌ಗಳನ್ನು ದೊಡ್ಡ ಬೀಕರಿನ ಡೀಯಾನೈಸ್ಡ್ ನೀರಿಗೆ ಜಾರಿಸಿ, ಎರಡು ಮೂರು ದಿನ ನೀರು ಬದಲಾಯಿಸುತ್ತ ತೊಳೆಯಬೇಕು. ಬೇಸರದ ಕೆಲಸವಾದರೂ ಇದನ್ನು ಮೊಟಕುಗೊಳಿಸುವಂತಿಲ್ಲ. ವಿಟಮಿನ್ ಸಿ ಮತ್ತು ಅದರ ಉಳಿಕೆಗಳು ನೀರಿನಲ್ಲಿದ್ದರೆ, ನೀರೆಲ್ಲ ಹೆಪ್ಪುಗಟ್ಟಿದ ಮೇಲೂ ಗೋಡೆಗಳ ಬಳಿ ಪಾಕದಂಥ ದ್ರವ ಉಳಿದು, ನಿರ್ವಾತದಲ್ಲಿ ಅದು ನೊರೆಯೆದ್ದು ಗೋಡೆಗಳನ್ನು ಮಡಚಿಬಿಡುತ್ತದೆ. ಜೆಲ್ ಅನ್ನು ಚಿಮುಟದಿಂದ ಎತ್ತಬಾರದು, ಅಗಲವಾದ ಚಮಚದಲ್ಲಿ ನೀರಿನ ಸಮೇತ ಎತ್ತಬೇಕು.

ಒಣಗಿಸುವುದು

ತೊಳೆದ ಜೆಲ್‌ಗಳನ್ನು ವಯಲ್‌ಗಳಿಗೆ ಮರಳಿಸಿ ಮತ್ತೊಮ್ಮೆ ಡ್ರೈ ಐಸ್ ತೊಟ್ಟಿಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ವಯಲ್‌ನ ಬಾಯಿಗೆ ಪ್ಯಾರಾಫಿಲ್ಮ್ (ಮೇಣದಂಥ ತೆಳು ಹಾಳೆ) ಬಿಗಿದು ಸೂಜಿಯಿಂದ ನಾಲ್ಕೈದು ತೂತು ಮಾಡಿ, ಕರಗುವ ಮೊದಲೇ ಫ್ರೀಜ್ ಡ್ರೈಯರ್‌ಗೆ ಸೇರಿಸಬೇಕು. ಯಂತ್ರದ ಕಂಡೆನ್ಸರ್ ಮೈನಸ್ 50 ಡಿಗ್ರಿಗೂ ಕೆಳಗೆ ಇಳಿದಿರಬೇಕು, ಪಂಪ್ ಒತ್ತಡವನ್ನು 0.1 ಮಿಲಿಬಾರ್‌ಗಿಂತ ಕೆಳಗೆ ಹಿಡಿದಿರಬೇಕು. ನೀರಿನ ತ್ರಿಕ ಬಿಂದುವಿನ, ಅಂದರೆ ಮಂಜು, ನೀರು, ಆವಿ ಮೂರೂ ಒಟ್ಟಿಗಿರಬಲ್ಲ ಸ್ಥಿತಿಯ, ಒತ್ತಡ ಸುಮಾರು 6.1 ಮಿಲಿಬಾರ್. ಅದಕ್ಕಿಂತ ಕೆಳಗೆ ದ್ರವರೂಪದ ನೀರಿಗೆ ಅಸ್ತಿತ್ವವಿಲ್ಲದ್ದರಿಂದ ಮಂಜುಗಡ್ಡೆ ನೇರವಾಗಿ ಆವಿಯಾಗುತ್ತದೆ, ಮೇಲ್ಮೈ ಎಳೆತದ ಪ್ರಶ್ನೆಯೇ ಬರುವುದಿಲ್ಲ.

ಒಂದೆರಡು ಸೆಂಟಿಮೀಟರ್ ದಪ್ಪದ ತುಂಡಿಗೆ ಒಂದರಿಂದ ಎರಡು ದಿನ ಬೇಕಾಗಬಹುದು. ಮುಗಿದಿದೆಯೇ ಎಂದು ತಿಳಿಯಲು ಫ್ಲಾಸ್ಕಿನ ಹೊರಮೈ ಮುಟ್ಟಿ ನೋಡಿ. ಒಳಗೆ ಮಂಜು ಇರುವವರೆಗೂ ಅದು ಆವಿಯಾಗುತ್ತ ಉಷ್ಣ ಸೆಳೆಯುವುದರಿಂದ ಗಾಜು ತಣ್ಣಗಿರುತ್ತದೆ. ಕೋಣೆಯಷ್ಟೇ ಬೆಚ್ಚಗಾದ ಮೇಲೂ ಕೆಲವು ಗಂಟೆ ಹಾಗೆಯೇ ಬಿಡುವುದು ಕ್ಷೇಮ. ಕೊನೆಗೆ ಗಾಳಿಯನ್ನು ಒಳಬಿಡುವಾಗ ಕವಾಟವನ್ನು ಕೂದಲೆಳೆಯಷ್ಟೇ ತೆರೆಯಬೇಕು. ರಭಸದಿಂದ ನುಗ್ಗಿದ ಗಾಳಿಗೆ ಏರೋಜೆಲ್ ಹಾರಿ ಗೋಡೆಗೆ ಬಡಿದು ಚೂರಾದರೆ ಅಷ್ಟು ದಿನಗಳ ಕೆಲಸ ಒಂದು ಕ್ಷಣದಲ್ಲಿ ಹೋಗುತ್ತದೆ.

ತಳಭಾಗ ಮಾತ್ರ ಕುಗ್ಗಿ, ಗಟ್ಟಿಯಾಗಿ, ಹೊಳೆಯುತ್ತಿದ್ದರೆ ಒಣಗುವ ನಡುವೆ ಅಲ್ಲಿ ಮಂಜು ಕರಗಿದೆ ಎಂದರ್ಥ. ಮುಂದಿನ ಬಾರಿ ತುಂಡನ್ನು ತೆಳುವಾಗಿಸಬೇಕು ಅಥವಾ ಪಂಪ್‌ನ ಎಣ್ಣೆಯನ್ನು ಬದಲಿಸಬೇಕು. ಇಡೀ ತುಂಡು ಸರಿಯಾದ ಆಕಾರದಲ್ಲಿದ್ದೂ ಮುಟ್ಟಿದರೆ ಪುಡಿಯಾಗುತ್ತಿದ್ದರೆ ದೋಷ ಒಣಗಿಸುವುದರಲ್ಲಿಲ್ಲ, ಹಾಳೆಗಳು ಚಿಕ್ಕವಿರಬೇಕು ಇಲ್ಲವೇ ಮೊದಲ ಅಪಕರ್ಷಣ ಹೆಚ್ಚಾಗಿರಬೇಕು. ಫ್ರೀಜ್ ಡ್ರೈಯರ್ ಇಲ್ಲದವರಿಗಾಗಿ, ಹೆಪ್ಪುಗಟ್ಟಿಸಿ ಕರಗಿಸಿ ಗೋಡೆಗಳನ್ನು ಬಲಪಡಿಸಿದ ಜೆಲ್ ಅನ್ನು ತೆರೆದ ಗಾಳಿಯಲ್ಲೇ ಒಣಗಿಸುವ ವಿಧಾನಗಳೂ ಪ್ರಕಟವಾಗಿವೆ. ಸಾಂದ್ರತೆ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ ಎನ್ನುವವರು ಅವನ್ನು ನೋಡಬಹುದು.

ವಿದ್ಯುದ್ವಾಹಕತೆ ಹೆಚ್ಚಬೇಕಾದರೆ ಒಣಗಿದ ಏರೋಜೆಲ್ ಅನ್ನು ಆರ್ಗಾನ್ ಹರಿಯುವ ಕೊಳವೆ ಕುಲುಮೆಯಲ್ಲಿ ನಿಮಿಷಕ್ಕೆ ಎರಡು ಮೂರು ಡಿಗ್ರಿಯಂತೆ ನಿಧಾನವಾಗಿ ಬಿಸಿ ಮಾಡಬೇಕು. ಅಪಕರ್ಷಣವಾಗದ ಗ್ರ್ಯಾಫೀನ್ ಆಕ್ಸೈಡನ್ನು ಒಣಗಿಸಿ ಬೇಗ ಬಿಸಿಮಾಡಿದರೆ ಅದು ಒಮ್ಮೆಗೇ ಅನಿಲ ಬಿಟ್ಟು ಸಿಡಿಯಬಲ್ಲದು ಎಂಬುದನ್ನು ಮರೆಯಬಾರದು.

ಅಳತೆ

ಸಾಂದ್ರತೆ ಅಳೆಯುವುದು ತೂಕವನ್ನು ಗಾತ್ರದಿಂದ ಭಾಗಿಸುವ ಸರಳ ಲೆಕ್ಕ, ತಪ್ಪಾಗುವುದು ಗಾತ್ರದಲ್ಲಿ. ವರ್ನಿಯರ್ ಕ್ಯಾಲಿಪರ್‌ನ ದವಡೆಗಳು ತಾಗಿದ ಮಾತ್ರಕ್ಕೆ ಈ ವಸ್ತು ಒಳಗೆ ತಗ್ಗುತ್ತದೆ. ಒಂದು ಸೆಂಟಿಮೀಟರ್ ಎತ್ತರದಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಸಾಂದ್ರತೆ ಶೇಕಡ 10ರಷ್ಟು ತಪ್ಪುತ್ತದೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು ಅಳೆಯುವುದು ಇದಕ್ಕಿಂತ ನಂಬಿಗಸ್ತ. ತೂಗುವಾಗ ಫ್ಯಾನ್ ಆರಿಸಿರಬೇಕು, ತಕ್ಕಡಿಯ ಬಾಗಿಲು ಮುಚ್ಚಿರಬೇಕು. ಪ್ಲಾಸ್ಟಿಕ್ ಚಮಚಕ್ಕೆ ಏರೋಜೆಲ್ ಸ್ಥಿರವಿದ್ಯುತ್ತಿನಿಂದ ಅಂಟಿಕೊಂಡು ಬಿಡದಿರುವುದು ಸಾಮಾನ್ಯವಾದ್ದರಿಂದ ಲೋಹದ ಚಮಚ ಬಳಸಬೇಕು. 2 ಸೆಂಟಿಮೀಟರ್ ವ್ಯಾಸ, 1 ಸೆಂಟಿಮೀಟರ್ ಎತ್ತರದ ತುಂಡು 16 ಮಿಲಿಗ್ರಾಂ ತೂಗಿದರೆ ಸಾಂದ್ರತೆ 5.1 ಮಿಲಿಗ್ರಾಂ. ಗೋಡೆಯ ಘನಪದಾರ್ಥದ ಸಾಂದ್ರತೆಯನ್ನು 2.2 ಗ್ರಾಂ ಎಂದು ಹಿಡಿದರೆ ತುಂಡಿನ ಶೇಕಡ 99.8 ಭಾಗ ಖಾಲಿ ಜಾಗ.

ಎಣ್ಣೆ ಹೀರುವ ಪರೀಕ್ಷೆಯ ಬಗ್ಗೆ ಒಂದು ಮಾತು. ತನ್ನ ತೂಕದ ಇಷ್ಟು ನೂರು ಪಟ್ಟು ಎಣ್ಣೆ ಹೀರಿತು ಎಂಬ ವರದಿಗಳು ಬೆರಗು ಹುಟ್ಟಿಸುತ್ತವೆ, ಆದರೆ ಆ ಅಂಕಿಯಲ್ಲಿ ಬಹುಪಾಲು ಸಾಂದ್ರತೆಯದೇ ಪ್ರತಿಬಿಂಬ. ಘನ ಸೆಂಟಿಮೀಟರಿಗೆ 5 ಮಿಲಿಗ್ರಾಂ ತೂಗುವ ವಸ್ತುವಿನ ರಂಧ್ರಗಳೆಲ್ಲ 0.9 ಗ್ರಾಂ ಸಾಂದ್ರತೆಯ ಎಣ್ಣೆಯಿಂದ ತುಂಬಿದರೆ ಲೆಕ್ಕ ತಾನಾಗಿಯೇ 180 ಪಟ್ಟು ಬರುತ್ತದೆ. ಹಿಂಡಿ ತೆಗೆದು ಮತ್ತೆ ಅದ್ದಿದಾಗ ಎಷ್ಟು ಬಾರಿ ಅದೇ ಪ್ರಮಾಣ ಬರುತ್ತದೆ ಎಂಬುದೇ ವಸ್ತುವಿನ ಗುಣವನ್ನು ತಿಳಿಸುವ ಪರೀಕ್ಷೆ. ಹಾಗೆಯೇ ಸಾರಜನಕ ಹೀರಿಕೆಯಿಂದ ಮೇಲ್ಮೈ ವಿಸ್ತೀರ್ಣ ಅಳೆಯುವವರು, ಮಂಜಿನ ಹರಳು ಬಿಟ್ಟುಹೋದ ದೊಡ್ಡ ರಂಧ್ರಗಳು ಆ ಉಪಕರಣಕ್ಕೆ ಕಾಣುವುದಿಲ್ಲ ಎಂಬುದನ್ನು ನೆನಪಿಡಬೇಕು. ಅವಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಸುರಕ್ಷತೆಯ ವಿಷಯದಲ್ಲಿ ಎರಡು ಅಪಾಯಗಳನ್ನು ಮುಖ್ಯವಾಗಿ ನೆನಪಿಡಬೇಕು. ಒಂದು ಲೀಟರ್ ದ್ರವ ಸಾರಜನಕ ಸುಮಾರು 700 ಲೀಟರ್ ಅನಿಲವಾಗುತ್ತದೆ, ಡ್ರೈ ಐಸ್ ಕೂಡ ಹೀಗೆಯೇ ಹಿಗ್ಗುತ್ತದೆ. ಕಿಟಕಿ ಮುಚ್ಚಿದ ಹವಾನಿಯಂತ್ರಿತ ಕೋಣೆಯಲ್ಲಿ ಇವು ಉಸಿರಾಟದ ಗಾಳಿಯನ್ನು ಸದ್ದಿಲ್ಲದೆ ಹೊರದೂಡುತ್ತವೆ. ಎರಡನೆಯದು ಧೂಳು. ಒದ್ದೆಯಾಗಿರುವವರೆಗೆ ಗ್ರ್ಯಾಫೀನ್‌ನಿಂದ ಉಸಿರಿಗೆ ತೊಂದರೆಯಿಲ್ಲ, ಒಣಗಿದ ಏರೋಜೆಲ್ ಅನ್ನು ಕತ್ತರಿಸುವಾಗ ಮಾತ್ರ ಫ್ಯೂಮ್ ಹುಡ್‌ನ ಒಳಗೆ, ಎನ್95 ಅಥವಾ ಅದಕ್ಕಿಂತ ಉತ್ತಮ ಮಾಸ್ಕ್ ಧರಿಸಿ, ಹೊಸ ಬ್ಲೇಡಿನಿಂದ ಒಂದೇ ಎಳೆತದಲ್ಲಿ ಕತ್ತರಿಸಬೇಕು. ಮಿಕ್ಕ ಗ್ರ್ಯಾಫೀನ್ ಆಕ್ಸೈಡ್ ದ್ರಾವಣವನ್ನು ಸಿಂಕಿಗೆ ಸುರಿಯದೆ, ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಹಾಳೆಗಳು ಗಂಟುಗಟ್ಟಿ ತಳಕ್ಕಿಳಿದ ಮೇಲೆ ಸೋಸಿ, ಸೋಸುಕಾಗದದ ಸಮೇತ ಒದ್ದೆಯಾಗಿಯೇ ರಾಸಾಯನಿಕ ತ್ಯಾಜ್ಯದ ಡಬ್ಬಿಗೆ ಹಾಕಬೇಕು.